ಎಲ್‌ಎಸ್‌ಯು ದಾಖಲೆ ಹಾಳೆಗಳು: ಮ್ಯಾರವಿಚ್ ಲೆಕ್ಕ ಮುಗಿಯಿತು

ಅಮೆರಿಕದ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಯ (ಎಲ್‌ಎಸ್‌ಯು) ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ದಾಖಲೆವೀರರಿಗೆ ಒಬ್ಬೊಬ್ಬರಿಗೆ ಒಂದೊಂದು ಹಾಳೆಯಂತೆ ಸ್ಪ್ರೆಡ್‌ಶೀಟ್ ತಯಾರಿಸುತ್ತಿದ್ದೇನೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಹಾಳೆ ಈಗ ಪೂರ್ತಿಯಾಗಿದೆ. ಪೀಟ್ ಮ್ಯಾರವಿಚ್: 83 ಪಂದ್ಯ, 3,667 ಅಂಕ, ಸರಾಸರಿ 44.2. ಕಾಲೇಜು ಪುರುಷರ ಮೊದಲ ದರ್ಜೆಯ ಆಟದಲ್ಲಿ 1970ರಲ್ಲಿ ನಿಂತ ಈ ಮೊತ್ತವನ್ನು ಇನ್ನೂ ಯಾರೂ ದಾಟಿಲ್ಲ.

ಸಿದ್ಧವಾಗಿ ಸಿಕ್ಕ ಮೊತ್ತವನ್ನು ಹಾಗೆಯೇ ಇಳಿಸಿಕೊಳ್ಳಬಾರದು, ಬಿಡಿಸಿ ಮತ್ತೆ ಕೂಡಿಸಿ ತಾಳೆಯಾದ ಮೇಲೆಯೇ ಬರೆಯಬೇಕು ಎಂದು ಈ ಕೆಲಸಕ್ಕೆ ನಿಯಮ ಮಾಡಿಕೊಂಡಿದ್ದೇನೆ. ಮ್ಯಾರವಿಚ್ ಲೆಕ್ಕ ಹೀಗೆ ಬಿಚ್ಚಿಕೊಳ್ಳುತ್ತದೆ. 1967-68ರಲ್ಲಿ 432 ಫೀಲ್ಡ್ ಗೋಲ್ (ಆಟ ನಡೆಯುತ್ತಿರುವಾಗ ಬ್ಯಾಸ್ಕೆಟ್ ಸೇರಿದ ಎಸೆತ), 274 ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಸಿಗುವ, ಯಾರೂ ತಡೆಯದ ಎಸೆತ). ಫೀಲ್ಡ್ ಗೋಲ್‌ಗೆ ಎರಡು, ಫ್ರೀ ಥ್ರೋಗೆ ಒಂದು ಅಂಕ ಹಿಡಿದರೆ 1,138. ಮರುವರ್ಷ 433 ಮತ್ತು 282, ಅಂದರೆ 1,148. ಕೊನೆಯ ವರ್ಷ 522 ಮತ್ತು 337, ಅಂದರೆ 1,381. ಮೂರನ್ನೂ ಕೂಡಿಸಿದರೆ 3,667ಕ್ಕೆ ಒಂದಂಕವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅರ್ಧ ಶತಮಾನದ ಹಿಂದೆ ಅಂಕಣದ ಬದಿಯಲ್ಲಿ ಕುಳಿತು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದವರ ಶ್ರದ್ಧೆ ಕೈಗೆ ತಾಗುವುದು ಈ ಕೂಡಿಕೆಯಲ್ಲಿ. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಕ್ಷಣವೂ ಇದೇ.

ಫೀಲ್ಡ್ ಗೋಲ್‌ಗೆ ಗುರಿಯಿಟ್ಟ ಎಸೆತಗಳ ಸಂಖ್ಯೆಯೂ ಹಾಳೆಯಲ್ಲಿದೆ: 3,166. ಪಂದ್ಯಕ್ಕೆ 38ಕ್ಕೂ ಹೆಚ್ಚು. ಗುರಿ ಸೇರಿದ್ದು ಶೇ 43.8. ತಂಡದ ಆಟವೆಲ್ಲ ಒಬ್ಬನ ಸುತ್ತ ತಿರುಗುತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ತರಬೇತುದಾರ ಬೇರೆ ಯಾರೂ ಅಲ್ಲ, ತಂದೆ ಪ್ರೆಸ್ ಮ್ಯಾರವಿಚ್.

1970ರ ಫೆಬ್ರುವರಿ 7ರ ಪಂದ್ಯಕ್ಕೆ ಪ್ರತ್ಯೇಕ ಸಾಲು ತೆರೆದಿದ್ದೇನೆ. ಎದುರಾಳಿ ಅಲಬಾಮಾ, ಅವರದೇ ಅಂಗಳ ಟಸ್ಕಲೂಸಾ. ಮ್ಯಾರವಿಚ್ 57 ಬಾರಿ ಎಸೆದು 26 ಬಾರಿ ಬ್ಯಾಸ್ಕೆಟ್ ಸೇರಿಸಿದರು, 21 ಫ್ರೀ ಥ್ರೋಗಳಲ್ಲಿ 17 ಗಳಿಸಿದರು. 52ಕ್ಕೆ 17 ಸೇರಿ 69. ಒಂದೇ ಪಂದ್ಯದಲ್ಲಿ ಎಲ್‌ಎಸ್‌ಯು ಆಟಗಾರನೊಬ್ಬ ಗಳಿಸಿದ ಅತಿ ಹೆಚ್ಚು ಅಂಕ ಇದು. ಅದೇ ಸಾಲಿನ ಕೊನೆಯ ಚೌಕದಲ್ಲಿ ಫಲಿತಾಂಶ: ಅಲಬಾಮಾ 106, ಎಲ್‌ಎಸ್‌ಯು 104. ತಂಡದ ಮೂರನೇ ಎರಡು ಪಾಲು ಅಂಕವನ್ನು ಒಬ್ಬನೇ ಹೊತ್ತರೂ ಪಂದ್ಯ ಕೈತಪ್ಪಿತು. ದಾಖಲೆಯ ಪಟ್ಟಿಗಳಲ್ಲಿ ಈ ಕೊನೆಯ ಚೌಕ ಸಾಮಾನ್ಯವಾಗಿ ಇರುವುದಿಲ್ಲ. ನನ್ನ ಹಾಳೆಗಳಲ್ಲಿ ಅದನ್ನು ಕಡ್ಡಾಯ ಮಾಡಿದ್ದೇನೆ.

ಹಾಗೆಂದು ಅವರ ಆಟದಿಂದ ತಂಡಕ್ಕೆ ಏನೂ ದಕ್ಕಲಿಲ್ಲ ಎನ್ನುವ ಮಾತನ್ನು ಒಪ್ಪಲಾರೆ. ಅವರು ಮುಖ್ಯ ತಂಡಕ್ಕೆ ಬರುವ ಹಿಂದಿನ ಋತುವಿನಲ್ಲಿ ಎಲ್‌ಎಸ್‌ಯು ಗೆದ್ದದ್ದು 3, ಸೋತದ್ದು 23. ಅವರ ಕೊನೆಯ ಋತುವಿನಲ್ಲಿ 22 ಗೆಲುವು, 10 ಸೋಲು.

ಹೋಲಿಕೆಯ ಕಾಲಂ ತುಂಬುವುದಕ್ಕೆ ಹೆಚ್ಚು ಯೋಚನೆ ಬೇಕಾಯಿತು. ಆ ಕಾಲದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಆ ನಿಷೇಧ ತೆರವಾದದ್ದು 1972-73ರಲ್ಲಿ. ಹಾಗಾಗಿ ಮ್ಯಾರವಿಚ್‌ಗೆ ಸಿಕ್ಕಿದ್ದು ಮೂರೇ ಋತು. ಮೂರು ಅಂಕದ ಗೆರೆ (ಅದರಾಚೆಯಿಂದ ಎಸೆದು ಸೇರಿಸಿದರೆ ಎರಡರ ಬದಲು ಮೂರು ಅಂಕ) ಕಾಲೇಜು ಆಟಕ್ಕೆಲ್ಲ ಬಂದದ್ದು 1986-87ರಲ್ಲಿ, ಅವರು ಕಾಲೇಜು ಬಿಟ್ಟು ಹದಿನಾರು ವರ್ಷಗಳಾದ ಮೇಲೆ. ಗೆರೆ ಇದ್ದಿದ್ದರೆ ಸರಾಸರಿ ಎಷ್ಟಾಗುತ್ತಿತ್ತು ಎಂಬ ಅಂದಾಜುಗಳು ಬಹಳ ಓಡಾಡುತ್ತವೆ. ಅವನ್ನು ಹಾಳೆಗೆ ಸೇರಿಸುವುದಿಲ್ಲ. ನಿಜವಾಗಿ ಎಣಿಸಿದ್ದೇ ಇಷ್ಟು ದೊಡ್ಡದಿರುವಾಗ ಊಹೆಯ ಆಸರೆ ಏಕೆ?

2023ರಲ್ಲಿ ಡೆಟ್ರಾಯಿಟ್ ಮರ್ಸಿ ವಿಶ್ವವಿದ್ಯಾಲಯದ ಆಂಟ್ವಾನ್ ಡೇವಿಸ್ 3,664ಕ್ಕೆ ನಿಂತರು. ಮೂರೇ ಅಂಕದ ಕೊರತೆ. ಕೊನೆಯ ಪಂದ್ಯದಲ್ಲಿ 22 ಗಳಿಸಿಯೂ ಮೊತ್ತ ಮುಟ್ಟಲಿಲ್ಲ. ಅವರಿಗೆ ಸಿಕ್ಕಿದ್ದು ಐದು ಋತು, 144 ಪಂದ್ಯ, ಜೊತೆಗೆ ಮೂರು ಅಂಕದ ಗೆರೆ. ಅವರಿಗೂ ತಂದೆಯೇ ತರಬೇತುದಾರ. ಇಬ್ಬರನ್ನು ಅಕ್ಕಪಕ್ಕ ಇಟ್ಟಾಗ ಡೇವಿಸ್ ಸಾಧನೆ ನನಗೆ ಸಣ್ಣದಾಗಿ ಕಾಣಲಿಲ್ಲ. ಐದು ವರ್ಷ ಪಂದ್ಯಕ್ಕೆ ಸರಾಸರಿ 25ಕ್ಕೂ ಹೆಚ್ಚು ಅಂಕ ತರುವುದು ಸುಲಭದ ಮಾತಲ್ಲ. ಆದರೆ 83ರ ಪಕ್ಕದಲ್ಲಿ 144 ಎಂದು ಬರೆದಾಗ ಮ್ಯಾರವಿಚ್ ಎತ್ತರ ತಾನಾಗಿಯೇ ಗೊತ್ತಾಗುತ್ತದೆ.

ಉಳಿದ ಹಾಳೆಗಳ ಸ್ಥಿತಿ: ಕ್ರಿಸ್ ಜಾಕ್ಸನ್ (ಮುಂದೆ ಮಹಮೂದ್ ಅಬ್ದುಲ್ ರವೂಫ್) ಅವರದು ಚಿಕ್ಕದು, ಮುಗಿದಿದೆ. ಎರಡೇ ಋತುವಿನಲ್ಲಿ 965 ಮತ್ತು 889, ಒಟ್ಟು 1,854. ಮೊದಲ ವರ್ಷದ ಹುಡುಗ ಪಂದ್ಯಕ್ಕೆ 30ರ ಸರಾಸರಿ ದಾಟಿದ್ದು 1988-89ರಲ್ಲಿ.

ಶಕೀಲ್ ಒನೀಲ್ ಹಾಳೆಯೂ ತಾಳೆಯಾಗಿದೆ. ಬ್ಲಾಕ್‌ಗಳು (ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆದದ್ದು) 115, 140, 157, ಒಟ್ಟು 412. ರೀಬೌಂಡ್‌ಗಳು (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿದದ್ದು) 385, 411, 421, ಒಟ್ಟು 1,217. ಬ್ಲಾಕ್ ದಾಖಲೆ ಅವರದೇ. ರೀಬೌಂಡ್ ದಾಖಲೆ ಮಾತ್ರ 1,276ರೊಂದಿಗೆ ರೂಡಿ ಮ್ಯಾಕ್ಲಿನ್ ಹೆಸರಲ್ಲಿದೆ. ಅಂತರ 59. ಒನೀಲ್ ಅವರ ಲಯದಲ್ಲಿ ಐದು ಪಂದ್ಯಗಳ ಕೆಲಸ ಅದು, ಆದರೆ ಮೂರು ವರ್ಷ ಮುಗಿಸಿ 1992ರಲ್ಲಿ ಅವರು ವೃತ್ತಿಪರ ಲೀಗ್ ಎನ್‌ಬಿಎಗೆ ಹೊರಟರು. ಈ ಕಾರಣಕ್ಕೆ ಮ್ಯಾಕ್ಲಿನ್ ಹೆಸರಿನ ಮುಂದೆ ಅಡಿಟಿಪ್ಪಣಿ ಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಗಾಯದಿಂದ ಒಂದು ಋತುವನ್ನೇ ಬಹುತೇಕ ಕಳೆದುಕೊಂಡ ಆಟಗಾರ ಮರಳಿ ಬಂದು 1981ರಲ್ಲಿ ತಂಡವನ್ನು ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರ ಘಟ್ಟಕ್ಕೆ ಒಯ್ದರು. 2,080 ಅಂಕಗಳೊಂದಿಗೆ ಎಲ್‌ಎಸ್‌ಯು ಅಂಕಪಟ್ಟಿಯಲ್ಲೂ ಅವರು ಮ್ಯಾರವಿಚ್ ನಂತರದ ಸ್ಥಾನದಲ್ಲಿದ್ದಾರೆ. ದಾಖಲೆ ಅವರದು, ಅವರ ದುಡಿಮೆಯದು.

ಈಗ ಬಾಬ್ ಪೆಟಿಟ್ ಹಾಳೆ ತೆರೆದಿದ್ದೇನೆ. 1953-54ರ ಋತು ಸರಿಹೊಂದಿದೆ: 281 ಫೀಲ್ಡ್ ಗೋಲ್, 223 ಫ್ರೀ ಥ್ರೋ, 785 ಅಂಕ, ಸರಾಸರಿ 31.4. ಬ್ಲಾಕ್ ಕಾಲಂನಲ್ಲಿ ಸೊನ್ನೆ ಹಾಕುವುದಿಲ್ಲ. ರಾಷ್ಟ್ರಮಟ್ಟದಲ್ಲಿ ಬ್ಲಾಕ್‌ಗಳನ್ನು ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದೇ 1985-86ರಲ್ಲಿ. ಅದಕ್ಕೂ ಮುಂಚಿನ ಎಲ್ಲ ಆಟಗಾರರ ಆ ಚೌಕಕ್ಕೆ ‘ಎಣಿಸಿಲ್ಲ’ ಎಂದು ಬರೆದು ಬೂದು ಬಣ್ಣ ಕೊಟ್ಟಿದ್ದೇನೆ, ಸೊನ್ನೆಯ ಜೊತೆ ಸೇರಿ ಸರಾಸರಿ ಕೆಡಬಾರದೆಂದು. ಮುಂದಿನ ಕೆಲಸ ಪೆಟಿಟ್ ಅವರ ಮೊದಲ ಎರಡು ಋತುಗಳ ಬಿಡಿ ಲೆಕ್ಕ.