ಆಂಬುಲೆನ್ಸ್ ಬರುವ ಮೊದಲಿನ ನಿಮಿಷಗಳು

2025ರ ಮಳೆಗಾಲದ ಆರಂಭದಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬರತೊಡಗಿದಾಗ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತರು. ನಮ್ಮ ಬೀದಿಯವರೂ ಹೋಗಿಬಂದರು. ತಪಾಸಣೆ ಅಗತ್ಯವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮನೆಯಲ್ಲೋ ಬಸ್ ನಿಲ್ದಾಣದಲ್ಲೋ ಒಬ್ಬರು ಕುಸಿದು ಬಿದ್ದಾಗ ಪಕ್ಕದಲ್ಲಿರುವವರು ಏನು ಮಾಡಬೇಕೆಂಬುದನ್ನು ಯಾವ ಇಸಿಜಿ ವರದಿಯೂ ಹೇಳಿಕೊಡುವುದಿಲ್ಲ. ಅದನ್ನು ಕಲಿಯಬೇಕೆಂದೇ ನಾನು ನಮ್ಮ ಊರಿನಲ್ಲಿ ನಡೆದ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಟ್ಟು ಜೀವ ಉಳಿಸಲು ಯತ್ನಿಸುವ ವಿಧಾನ) ತರಬೇತಿಗೆ ಹೆಸರು ಕೊಟ್ಟೆ.

ತರಬೇತುದಾರರು ಮೊದಲು ಬಿಡಿಸಿ ಹೇಳಿದ್ದು ಹೃದಯಾಘಾತಕ್ಕೂ ಹೃದಯ ಸ್ತಂಭನಕ್ಕೂ ಇರುವ ವ್ಯತ್ಯಾಸವನ್ನು. ಹೃದಯಾಘಾತವೆಂದರೆ ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿಗೆ ರಕ್ತ ಸಿಗದಿರುವುದು. ಆ ರೋಗಿ ಎಚ್ಚರವಾಗಿಯೇ ಇರಬಹುದು, ಮಾತನಾಡಬಹುದು, ಅವರಿಗೆ ಬೇಕಾದದ್ದು ಆಸ್ಪತ್ರೆ. ಹೃದಯ ಸ್ತಂಭನವೆಂದರೆ ಹೃದಯವು ರಕ್ತವನ್ನು ಮುಂದಕ್ಕೆ ತಳ್ಳುವ ಕೆಲಸವೇ ನಿಂತುಹೋಗುವುದು. ಆಗ ಪ್ರಜ್ಞೆ ತಪ್ಪುತ್ತದೆ, ಸಹಜ ಉಸಿರು ನಿಲ್ಲುತ್ತದೆ, ನಾಲ್ಕೈದು ನಿಮಿಷಗಳಲ್ಲೇ ಮಿದುಳಿಗೆ ಹಾನಿ ಶುರುವಾಗುತ್ತದೆ. 108 ಆಂಬುಲೆನ್ಸ್ ಎಷ್ಟೇ ಬೇಗ ಹೊರಟರೂ ಹಳ್ಳಿಯ ತೋಟದ ಮನೆಗೆ ಅಷ್ಟರಲ್ಲಿ ತಲುಪುವುದು ಅಸಾಧ್ಯ. ಆದ್ದರಿಂದ ಆ ನಿಮಿಷಗಳ ಹೊಣೆ ಜೊತೆಗಿರುವವರದೇ.

ಹೃದಯ ನಿಂತ ಕೆಲವರು ಸ್ವಲ್ಪ ಹೊತ್ತು ಗೊರಕೆಯಂತೆ ಸದ್ದು ಮಾಡುತ್ತ, ಬಾಯಿ ತೆರೆದು ಬಿಟ್ಟುಬಿಟ್ಟು ಏದುಸಿರು ಎಳೆಯುತ್ತಾರೆಂಬುದು ಈ ತರಬೇತಿಯಲ್ಲಿ ನಾನು ತಿಳಿದ ಅತಿ ಮುಖ್ಯ ಸಂಗತಿ. ಅದನ್ನು ಕಂಡು ‘ಉಸಿರಾಡುತ್ತಿದ್ದಾರೆ’ ಎಂದು ಸುಮ್ಮನಾಗುವುದು, ಮುಖಕ್ಕೆ ನೀರು ಚಿಮುಕಿಸುವುದು, ಅಂಗಾಲು ತಿಕ್ಕುವುದು, ಬಾಯಿಗೆ ನೀರು ಹಾಕುವುದು ನಮ್ಮಲ್ಲಿ ಎಲ್ಲ ಕಡೆ ನಡೆಯುತ್ತದೆ. ಪ್ರೀತಿಯಿಂದ ಮಾಡುವ ಈ ಉಪಚಾರಗಳಲ್ಲಿಯೇ ಉಳಿಸಬಹುದಾಗಿದ್ದ ಜೀವದ ಸಮಯ ಕಳೆದುಹೋಗುತ್ತದೆ. ಭುಜ ತಟ್ಟಿ ಕರೆದರೂ ಓಗೊಡದೆ, ಸಹಜವಾಗಿ ಉಸಿರಾಡದೆ ಇದ್ದರೆ, ಒಬ್ಬರನ್ನು ಬೊಟ್ಟು ಮಾಡಿ ‘ನೀವು 108ಕ್ಕೆ ಕರೆ ಮಾಡಿ’ ಎಂದು ಹೇಳಿ, ಕೂಡಲೇ ಎದೆ ಒತ್ತಲು ತೊಡಗಬೇಕು. ‘ಯಾರಾದರೂ ಕರೆ ಮಾಡಿ’ ಎಂದರೆ ಗುಂಪಿನಲ್ಲಿ ಯಾರೂ ಮಾಡದಿರಬಹುದು.

ಒತ್ತುವ ಕ್ರಮವನ್ನು ಮಾತಿನಲ್ಲಿ ಹೇಳುವುದು ಸುಲಭ. ಮಂಚದ ಮೇಲಿದ್ದರೆ ಗಟ್ಟಿ ನೆಲಕ್ಕೆ ಇಳಿಸಬೇಕು, ಇಲ್ಲದಿದ್ದರೆ ಒತ್ತಿದ ಬಲವೆಲ್ಲ ಹಾಸಿಗೆಗೆ ಹೋಗುತ್ತದೆ. ಎದೆಯ ನಡುಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಿಸದೆ ನಿಮಿಷಕ್ಕೆ 100ರಿಂದ 120 ಬಾರಿ, ವಯಸ್ಕರಿಗಾದರೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಏಕೆಂದರೆ ಹೃದಯಕ್ಕೆ ರಕ್ತ ತುಂಬಿಕೊಳ್ಳುವುದು ಆ ಬಿಡುವಿನಲ್ಲಿಯೇ. ಆದರೆ ತರಬೇತಿಯ ಬೊಂಬೆಯ ಎದುರು ಮಂಡಿಯೂರಿದಾಗ ಆ ಆಳ ಎಷ್ಟು ಕಠಿಣವೆಂಬುದು ಮೈಗೆ ತಿಳಿಯುತ್ತದೆ. ಸರಿಯಾದ ಆಳ ಮುಟ್ಟಿದಾಗ ಮಾತ್ರ ಬೊಂಬೆ ‘ಟಕ್’ ಎನ್ನುತ್ತಿತ್ತು. ಒಂದು ನಿಮಿಷ ದಾಟುವಷ್ಟರಲ್ಲಿ ಗಟ್ಟಿಮುಟ್ಟಾದ ಯುವಕರ ತೋಳೂ ಸೋಲುತ್ತಿತ್ತು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕೆಂಬ ನಿಯಮದ ಕಾರಣ ಆಗ ಅರ್ಥವಾಯಿತು. ಗಟ್ಟಿಯಾಗಿ ಎಣಿಸುತ್ತ ಒತ್ತುವಾಗ ‘ಇಪ್ಪತ್ತೊಂದು’, ‘ಇಪ್ಪತ್ತೆರಡು’ ಬಂದೊಡನೆ ಲಯ ನಿಧಾನವಾಗುತ್ತಿದ್ದುದರಿಂದ, ಹತ್ತರವರೆಗೆ ಮೂರು ಸುತ್ತು ಎಣಿಸುವುದು ನಮಗೆ ಹೆಚ್ಚು ಅನುಕೂಲವಾಯಿತು.

30 ಒತ್ತುಗಳಿಗೆ ಎರಡರಂತೆ ಬಾಯಿಂದ ಉಸಿರು ಕೊಡುವುದನ್ನೂ ಕಲಿಸಿದರು. ಅದು ಬಾರದವರು ಅಥವಾ ಒಪ್ಪದವರು ಎದೆ ಒತ್ತುವುದನ್ನಷ್ಟೇ ಮುಂದುವರಿಸಬಹುದು. ಆದರೆ ಮಕ್ಕಳಿಗೆ ಮತ್ತು ಕೆರೆ, ಬಾವಿಗಳಲ್ಲಿ ಮುಳುಗಿದವರಿಗೆ ಉಸಿರು ಕೊಡುವುದು ಬಹಳ ಮುಖ್ಯ.

ಬಿಡುವಿನ ವೇಳೆಯಲ್ಲಿ ಒಬ್ಬ ಹಿರಿಯ ಮಹಿಳೆ, ‘ಬಿದ್ದವಳು ಹೆಣ್ಣಾದರೆ ಗಂಡಸರು ಎದೆ ಮುಟ್ಟಬಹುದೇನಪ್ಪಾ?’ ಎಂದು ಕೇಳಿದರು. ಎಲ್ಲರ ಮನಸ್ಸಿನಲ್ಲಿದ್ದೂ ಯಾರೂ ಆಡದ ಪ್ರಶ್ನೆಯದು. ಈ ಸಂಕೋಚದಿಂದಲೇ ಸಾರ್ವಜನಿಕ ಸ್ಥಳಗಳಲ್ಲಿ ಕುಸಿದ ಹೆಂಗಸರಿಗೆ ನೆರವು ಕಡಿಮೆ ಸಿಗುತ್ತದೆಂದು ತರಬೇತುದಾರರು ಬಿಚ್ಚುಮನಸ್ಸಿನಿಂದ ವಿವರಿಸಿದರು. ಇನ್ನೊಬ್ಬರು ಪಕ್ಕೆಲುಬು ಮುರಿದರೇನು ಗತಿ ಎಂದರು. ಮುರಿಯಬಹುದು, ಆದರೆ ಮುರಿದ ಮೂಳೆ ಕೂಡುತ್ತದೆ. ಪೊಲೀಸ್ ಕೇಸಿನ ಭಯವೂ ಮಾತಿಗೆ ಬಂತು. ರಸ್ತೆ ಅಪಘಾತದಲ್ಲಿ ಸದ್ಭಾವನೆಯಿಂದ ನೆರವಾದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಣೆ ಕೊಡುತ್ತದೆ. ಇದು ಇನ್ನೂ ಹೆಚ್ಚು ಜನರಿಗೆ ಗೊತ್ತಾಗಬೇಕು.

ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರವನ್ನೂ ತೋರಿಸಿದರು. ಅದು ಧ್ವನಿಯ ಮೂಲಕ ತಾನೇ ಸೂಚನೆ ಕೊಡುತ್ತದೆ, ಅಗತ್ಯವಿಲ್ಲದ ಲಯಕ್ಕೆ ಆಘಾತ ಕೊಡುವುದಿಲ್ಲ. ಕೊನೆಯಲ್ಲಿ ಒಬ್ಬೊಬ್ಬರನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟರು. ಅದರ ಅವಧಿ 2 ವರ್ಷ. ಅಭ್ಯಾಸವಿಲ್ಲದಿದ್ದರೆ ಕೈ ಮರೆಯುವುದು ಅದಕ್ಕಿಂತ ಬೇಗ. ಹಾಗಾಗಿ ನಮ್ಮ ಬಡಾವಣೆಯ ಸಂಘದಲ್ಲಿ ಮಾತನಾಡಿ, ಅದೇ ತರಬೇತುದಾರರನ್ನು ಬೊಂಬೆಯ ಸಮೇತ ಕರೆಸಲು ಒಪ್ಪಿಸಿದ್ದೇನೆ. ಆ ದಿನ ಕಾವಲುಗಾರರು, ಮನೆಗೆಲಸದವರು ಮತ್ತು ಆಟೋ ನಿಲ್ದಾಣದ ಚಾಲಕರಿಗೆ ಮೊದಲ ಸಾಲು ಮೀಸಲು.