ಹೂವಿನ ಹೆಸರನ್ನು ಯಾಕೆ ಪದೇ ಪದೇ ಬದಲಾಯಿಸುತ್ತಾರೆ?

ತಾರಸಿಯ ಕುಂಡಗಳ ಫೋಟೊ ಹಾಕಿದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಮನೆಗೆ ಬಂದವರು ಕೇಳುತ್ತಾರೆ. ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿ ಕೇಳುತ್ತಾರೆ. "ಮೇಡಂ, ಈ ಫುಟ್‌ಬಾಲ್ ಲಿಲ್ಲಿಗೆ ಮೊದಲು ಹೀಮ್ಯಾಂಥಸ್ ಅಂತಿದ್ರಿ, ಈಗ ಸ್ಕ್ಯಾಡಾಕ್ಸಸ್ ಅಂತೀರಿ. ನರ್ಸರಿಯವರು ಅಮರಿಲ್ಲಿಸ್ ಅಂತ ಕೊಟ್ಟ ಗೆಡ್ಡೆಗೆ ನೀವು ಹಿಪಿಯಾಸ್ಟ್ರಮ್ ಅಂತೀರಿ. ಈ ವಿಜ್ಞಾನಿಗಳಿಗೆ ಹೆಸರು ಬದಲಾಯಿಸೋದು ಬಿಟ್ಟು ಬೇರೆ ಕೆಲಸ ಇಲ್ವಾ?"

ಇದೆ. ಬೇಕಾದಷ್ಟಿದೆ. ಹೆಸರು ಬದಲಾಗುವುದು ಆ ಕೆಲಸವೆಲ್ಲ ಮುಗಿದ ಮೇಲೆ. ನಮ್ಮ ಕಣ್ಣಿಗೆ ಬೀಳುವುದು ಆ ಕೊನೆಯ ಹೆಜ್ಜೆ ಮಾತ್ರ, ಅದಕ್ಕೇ ಸುಮ್ನೆ ತೊಂದರೆ ಕೊಡುತ್ತಾರೆ ಅನಿಸುತ್ತದೆ. ಅದರ ಹಿಂದಿನ ಕೆಲಸ ಎಂಥದ್ದು ಅಂತ ಹೇಳಲು ನಾನು ಯಾವಾಗಲೂ ಒಬ್ಬರ ಉದಾಹರಣೆ ಕೊಡುತ್ತೇನೆ. ಅವರು ಸಸ್ಯವಿಜ್ಞಾನಿ ಪೀಟರ್ ಗೋಲ್ಡ್‌ಬ್ಲಾಟ್. ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. 1970ರ ದಶಕದಿಂದ ಅಮೆರಿಕದ ಮಿಸೌರಿ ಬೊಟಾನಿಕಲ್ ಗಾರ್ಡನ್‌ನಲ್ಲಿ ಕೆಲಸ ಮಾಡಿದರೂ ಅವರು ಜೀವನವಿಡೀ ಬೆನ್ನು ಹತ್ತಿದ್ದು ದಕ್ಷಿಣ ಆಫ್ರಿಕಾದ ಹೂಗೆಡ್ಡೆಗಳನ್ನು, ಅದರಲ್ಲೂ ಜಾಸ್ತಿ ಐರಿಸ್ ಕುಟುಂಬದ ಗಿಡಗಳನ್ನು. ನಮ್ಮ ಕೇಸರಿಯೂ ಅದೇ ಕುಟುಂಬದ್ದು, ಮಾರ್ಕೆಟ್ಟಿನಲ್ಲಿ ಕಂತೆ ಕಟ್ಟಿ ಮಾರುವ ಗ್ಲಾಡಿಯೋಲಸ್ ಕೂಡ.

ಗೆಡ್ಡೆ ಹುಡುಕುವವರೆಲ್ಲ ಅಲ್ಲಿಗೇ ಯಾಕೆ ಹೋಗುತ್ತಾರೆ ಅಂದರೆ, ಆಫ್ರಿಕಾದ ತುದಿಯ ಕೇಪ್ ಪ್ರದೇಶ ಸುಮಾರು 90,000 ಚದರ ಕಿಲೋಮೀಟರ್ ಅಷ್ಟೇ. ನಮ್ಮ ಕರ್ನಾಟಕದ ಅರ್ಧಕ್ಕಿಂತ ಕಡಿಮೆ. ಅಷ್ಟರೊಳಗೆ 9,000ದಷ್ಟು ಬಗೆಯ ಗಿಡಗಳಿವೆ, ಮೂರರಲ್ಲಿ ಎರಡು ಪಾಲು ಜಗತ್ತಿನ ಬೇರೆಲ್ಲೂ ಇಲ್ಲ. ಕೇಪ್‌ನ ಪಶ್ಚಿಮ ಭಾಗದಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ, ಮೇಲೆ ಕಾಳ್ಗಿಚ್ಚು ಬೇರೆ. ಅಂಥ ಜಾಗದಲ್ಲಿ ನೆಲದ ಕೆಳಗೆ ಊಟ ಕೂಡಿಟ್ಟುಕೊಂಡು ಮಲಗುವ ಗಿಡಕ್ಕೆ ಅನುಕೂಲ ಜಾಸ್ತಿ.

ಈ ಗೆಡ್ಡೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಗ್ಲಾಡಿಯೋಲಸ್ ಹೂ ಮುಗಿದು ಎಲೆ ಒಣಗಿದ ಮೇಲೆ ಕುಂಡ ಬುಡಮೇಲು ಮಾಡಿ ನೋಡಿ. ಮೇಲೊಂದು ಹೊಸ ಗೆಡ್ಡೆ, ತುಂಬಿಕೊಂಡು ಹೊಳೆಯುತ್ತಿರುತ್ತದೆ. ಅದರ ತಳಕ್ಕೆ ಅಂಟಿಕೊಂಡು ಕಳೆದ ವರ್ಷದ ಗೆಡ್ಡೆ, ಸುಕ್ಕುಗಟ್ಟಿ ಬಿಲ್ಲೆಯ ಹಾಗೆ ಚಪ್ಪಟೆಯಾಗಿರುತ್ತದೆ. ಸುತ್ತ ಕಡಲೆಕಾಳಿನಷ್ಟು ಮರಿಗೆಡ್ಡೆಗಳು. ಎಲ್ಲಕ್ಕೂ ಕಂದು ಬಣ್ಣದ ನಾರಿನ ಸಿಪ್ಪೆ. ಈರುಳ್ಳಿಯ ಹಾಗೆ ಪದರ ಪದರ ಇರುವುದಿಲ್ಲ, ಕೊಯ್ದರೆ ಕೆಸುವಿನ ಗೆಡ್ಡೆಯ ಹಾಗೆ ಒಳಗೆಲ್ಲ ಒಂದೇ ಗಟ್ಟಿ. ಆ ಸಿಪ್ಪೆ ಬಲೆಯ ಹಾಗಿದೆಯಾ, ಮರದ ತೊಗಟೆಯ ಹಾಗಿದೆಯಾ, ಗೆಡ್ಡೆಯ ತಳ ಗುಂಡಗಿದೆಯಾ ಚಪ್ಪಟೆಯಾ, ಬೇರು ಎಲ್ಲಿಂದ ಹೊರಡುತ್ತದೆ, ಇದನ್ನೆಲ್ಲ ಐರಿಸ್ ಕುಟುಂಬ ಓದುವವರು ಹೂವಿನಷ್ಟೇ ಶ್ರದ್ಧೆಯಿಂದ ನೋಡುತ್ತಾರೆ. ಕಾರಣ ಇದೆ. ಹೂವನ್ನು ಮಾತ್ರ ನಂಬಿದರೆ ಮೋಸ ಹೋಗುತ್ತೇವೆ.

ಹೇಗೆ ಅಂತ ಹೇಳುತ್ತೇನೆ. ಕೇಪ್‌ನಲ್ಲಿ ಹೋಮೋಗ್ಲಾಸಮ್ ಅಂತ ಒಂದು ಕುಲ ಇತ್ತು. (ಕುಲ ಅಂದರೆ ಒಂದು ಕುಟುಂಬದೊಳಗೆ ಹತ್ತಿರದ ಸಂಬಂಧ ಇರುವ ಗಿಡಗಳ ಸಣ್ಣ ಗುಂಪು.) ಕೆಂಪು ಹೂ, ಉದ್ದ ಕೊಳವೆ, ತುಂಬ ಮಕರಂದ. ಗ್ಲಾಡಿಯೋಲಸ್‌ಗಿಂತ ಬೇರೆ ಥರ ಕಾಣುತ್ತಿತ್ತು, ಹಾಗಾಗಿ ಬೇರೆ ಹೆಸರು. ಇಂಥ ಹೂವಿಗೆ ಬರುವುದು ಸೂರಕ್ಕಿ. ನಮ್ಮ ದಾಸವಾಳಕ್ಕೆ ಬೆಳಿಗ್ಗೆ ಬಂದು ಕೊಕ್ಕು ತೂರಿಸುತ್ತದಲ್ಲ, ಅದೇ ಬಳಗದ ಹಕ್ಕಿಗಳು ಅಲ್ಲೂ ಇವೆ. ಸೂರಕ್ಕಿಯನ್ನು ಕರೆಯಬೇಕಾದ ಹೂ ಕೆಂಪಾಗುತ್ತದೆ, ಕೊಳವೆ ಉದ್ದ ಮಾಡಿಕೊಳ್ಳುತ್ತದೆ, ಪರಿಮಳವನ್ನು ಕೈಬಿಡುತ್ತದೆ. ಹಕ್ಕಿಗೆ ಪರಿಮಳ ಬೇಡ. ರಾತ್ರಿ ಪತಂಗವನ್ನು ಕರೆಯಬೇಕಾದ ಗ್ಲಾಡಿಯೋಲಸ್ ಇನ್ನೊಂದು ದಾರಿ ಹಿಡಿಯುತ್ತದೆ. ಗ್ಲಾಡಿಯೋಲಸ್ ಲಿಲಿಯೇಸಿಯಸ್ ಅಂತ ಒಂದಿದೆ, ಹಗಲಿಡೀ ಮಂಕು ಕಂದು ಬಣ್ಣದಲ್ಲಿ ಕೂತಿರುತ್ತದೆ, ಕತ್ತಲಾಗುತ್ತಿದ್ದಂತೆ ನೀಲಿ ನೇರಳೆಗೆ ತಿರುಗಿ ಲವಂಗದ ವಾಸನೆ ಬೀರುತ್ತದೆ. ಅದೇ ಹೂ, ಅದೇ ಗಿಡ! ಕೇಪ್‌ನ ಪಶ್ಚಿಮ ಕರಾವಳಿಯಲ್ಲಿ ಒಂದು ನೊಣ ಇದೆ, ಅದರ ಹೀರುಕೊಳವೆ ಮೈಗಿಂತ ಹಲವು ಪಟ್ಟು ಉದ್ದ. ಅದಕ್ಕಾಗಿಯೇ ಕೊಳವೆ ಉದ್ದ ಮಾಡಿಕೊಂಡ ಗ್ಲಾಡಿಯೋಲಸ್ ಕೂಡ ಇದೆ.

ಅಂದರೆ ಹೂವಿನ ರೂಪ ಹೇಳುವುದು ಯಾರು ಬಂದು ಪರಾಗ ಒಯ್ಯುತ್ತಾರೆ ಅನ್ನುವುದನ್ನು. ಯಾರ ಮನೆಯಲ್ಲಿ ಹುಟ್ಟಿದೆ ಅನ್ನುವುದನ್ನು ಅದು ಹೇಳಲೇಬೇಕೆಂದಿಲ್ಲ. ಕೆಂಪು ಹೂವಿನವನ್ನೆಲ್ಲ ಬೇರೆ ಕುಲ ಮಾಡಿ ಇಡುವುದು, ಮದುವೆ ಮನೆಯಲ್ಲಿ ಕೆಂಪು ರೇಷ್ಮೆ ಸೀರೆ ಉಟ್ಟವರನ್ನೆಲ್ಲ ಒಂದೇ ಮನೆಯವರು ಅಂತ ಸಾಲಾಗಿ ಕೂರಿಸಿದ ಹಾಗೆ. ಗೋಲ್ಡ್‌ಬ್ಲಾಟ್ ಮತ್ತು ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್‌ನ ಸಸ್ಯವಿಜ್ಞಾನಿ ಮಿರಿಯಂ ಡಿ ವೊಸ್ ಗೆಡ್ಡೆ ನೋಡಿದರು, ಎಲೆ ನೋಡಿದರು, ಬೀಜ ನೋಡಿದರು. ಕ್ರೋಮೋಸೋಮ್‌ಗಳ ಮೂಲ ಸಂಖ್ಯೆಯೂ ಎರಡರಲ್ಲೂ 15. ಸೂರಕ್ಕಿಗಾಗಿ ಬದಲಾದ ಹೂವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಗ್ಲಾಡಿಯೋಲಸ್. 1989ರಲ್ಲಿ ಇಬ್ಬರೂ ಸೇರಿ ಹೋಮೋಗ್ಲಾಸಮ್ ಅನ್ನು ಗ್ಲಾಡಿಯೋಲಸ್‌ಗೆ ಸೇರಿಸಿದರು. ಹಳೆ ಹೆಸರು ಹೋಯಿತು ಅಂತ ಬೇಜಾರು ಮಾಡಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಹೆಸರು ಹೋಯಿತು ನಿಜ, ಆದರೆ ಆ ಗಿಡಕ್ಕೆ ಅದರ ಅಕ್ಕತಂಗಿಯರು ಸಿಕ್ಕರು.

ಇದಕ್ಕಿಂತ ದೊಡ್ಡ ಗಲಾಟೆ ಆಗಿದ್ದು ಮೊರಿಯಾ ವಿಷಯದಲ್ಲಿ. ನನಗೆ ತುಂಬ ಇಷ್ಟವಾದ ಕುಲ ಇದು. (ಇದರ ಹೆಸರಿನದೇ ಒಂದು ಕಥೆ. 1758ರಲ್ಲಿ ಫಿಲಿಪ್ ಮಿಲ್ಲರ್ ಅನ್ನುವ ತೋಟಗಾರರು ಇದಕ್ಕೆ ರಾಬರ್ಟ್ ಮೋರ್ ಅನ್ನುವವರ ಹೆಸರಿಟ್ಟರು. ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೀಯಸ್ ಕಾಗುಣಿತ ಒಂಚೂರು ತಿದ್ದಿದರು, ಅದು ಅವರ ಹೆಂಡತಿ ಸಾರಾ ಮೊರಿಯಾ ಅವರ ಮನೆತನದ ಹೆಸರಿಗೆ ಸರಿಹೊಂದಿತು.) ಮೊರಿಯಾ ಹೂ ಐರಿಸ್ ಹೂವಿನ ಹಾಗೆ, ಮೂರು ಎಸಳು ಹೊರಕ್ಕೆ ಬಾಗಿ, ನಡುವೆ ಮೂರು ಕವಲು ಎಸಳಿನ ಹಾಗೇ ಎದ್ದು ನಿಂತಿರುತ್ತವೆ. ಅದರ ಪಕ್ಕ ಹೋಮೇರಿಯಾ ಅಂತ ಇನ್ನೊಂದು ಕುಲ, ಆರೂ ಎಸಳು ಸಮ, ಬಟ್ಟಲಿನ ಹಾಗೆ ತೆರೆದ ಹೂ. ಮತ್ತೆ ಗ್ಯಾಲಕ್ಸಿಯಾ, ಅದಕ್ಕೆ ದಂಟೇ ಇಲ್ಲ, ಹೂ ನೆಲಕ್ಕೆ ಅಂಟಿಕೊಂಡೇ ಅರಳುತ್ತದೆ. ಅಂಡಾಶಯ ಮಣ್ಣಿನ ಕೆಳಗೇ ಇರುತ್ತದೆ. ಮೂರನ್ನೂ ಒಟ್ಟಿಗೆ ಇಟ್ಟರೆ ಯಾರೂ ಒಂದೇ ಕುಲ ಅನ್ನುವುದಿಲ್ಲ. ಗೋಲ್ಡ್‌ಬ್ಲಾಟ್ ಕೂಡ ಎಷ್ಟೋ ವರ್ಷ ಅವನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಂಡು ಅಧ್ಯಯನ ಮಾಡಿದರು. ಆಮೇಲೆ ಡಿಎನ್‌ಎ ನೋಡುವ ಕಾಲ ಬಂತು. ನೋಡಿದರೆ ಹೋಮೇರಿಯಾ, ಗ್ಯಾಲಕ್ಸಿಯಾ ಎಲ್ಲ ಮೊರಿಯಾ ಎಂಬ ಮರದ ಕೊಂಬೆಗಳ ಮಧ್ಯದಿಂದಲೇ ಚಿಗುರಿವೆ. ಅವನ್ನು ಹೊರಗಿಟ್ಟು ಉಳಿದದ್ದನ್ನು ಮಾತ್ರ ಮೊರಿಯಾ ಅನ್ನಲು ಬರುವುದಿಲ್ಲ. 1998ರಲ್ಲಿ ಅವರು ಆರು ಕುಲಗಳನ್ನು ಒಟ್ಟಿಗೆ ಮೊರಿಯಾದೊಳಗೆ ಸೇರಿಸಿದರು.

ತೋಟ ಮಾಡುವವರಿಗೆ ಕೋಪ ಬಂದರೆ ಆಶ್ಚರ್ಯವಿಲ್ಲ, ಅವರ ಲೇಬಲ್‌ಗಳೆಲ್ಲ ಒಂದೇ ಏಟಿಗೆ ಹಳತಾದವು. ಆದರೆ ದಕ್ಷಿಣ ಆಫ್ರಿಕಾದ ಕುರಿ, ದನ ಸಾಕುವವರನ್ನು ನೋಡಿ. ಅವರು ಹಿಂದಿನಿಂದಲೂ 'ತುಲ್ಪ್' ಅನ್ನುವ ಒಂದೇ ಹೆಸರಿನಲ್ಲಿ ಹಳದಿ ಹೂವಿನ ಹೋಮೇರಿಯಾವನ್ನೂ ನೀಲಿ ಹೂವಿನ ಮೊರಿಯಾವನ್ನೂ ಕರೆಯುತ್ತಿದ್ದರು. ಎರಡನ್ನು ತಿಂದರೂ ದನ ಸಾಯುತ್ತದೆ. ಎರಡರಲ್ಲೂ ಹೃದಯಕ್ಕೆ ಹೊಡೆಯುವ ಒಂದೇ ಬಗೆಯ ವಿಷ. ಹೂ ನೋಡಿ ಪಂಡಿತರು ಬೇರೆ ಮಾಡಿದ್ದನ್ನು, ಸತ್ತ ದನ ನೋಡಿ ರೈತರು ಒಟ್ಟಿಗೆ ಇಟ್ಟಿದ್ದರು. ಇದನ್ನು ಮೊದಲ ಸಲ ಓದಿದ ದಿನ ನಾನು ತರಗತಿಯಲ್ಲಿ ಪಾಠ ಬಿಟ್ಟು ಇದನ್ನೇ ಹೇಳಿದ್ದೆ.

ಹಾಗಂತ ಮೊರಿಯಾ ಎಲ್ಲ ವಿಷ ಅಂದುಕೊಳ್ಳಬೇಡಿ. ಮೊರಿಯಾ ಫ್ಯೂಗ್ಯಾಕ್ಸ್ ಅನ್ನುವುದರ ಗೆಡ್ಡೆಯನ್ನು ಅಲ್ಲಿನ ಮೂಲನಿವಾಸಿಗಳಾದ ಖೋಯ್ ಮತ್ತು ಸಾನ್ ಜನ ಅಗೆದು ತಿನ್ನುತ್ತಿದ್ದರು. ಆಫ್ರಿಕಾನ್ಸ್ ಭಾಷೆಯಲ್ಲಿ ಇಂಥ ಗೆಡ್ಡೆಗೆ 'ಅಯ್ನ್‌ಕಿ' ಅನ್ನುತ್ತಾರೆ, ಪುಟ್ಟ ಈರುಳ್ಳಿ ಅಂತ ಅರ್ಥ. ಒಂದೇ ಕುಲದಲ್ಲಿ ಊಟವೂ ಇದೆ, ಸಾವೂ ಇದೆ. ಅಲ್ಲಿ ಯಾವುದು ಯಾವುದು ಅಂತ ಸರಿಯಾಗಿ ಗುರುತಿಸುವುದು ಸಣ್ಣ ಕೆಲಸ ಅಲ್ವಲ್ಲ?

ಈ ಫ್ಯೂಗ್ಯಾಕ್ಸ್ ಹೂ ಅರಳುವುದು ಮಧ್ಯಾಹ್ನದ ಮೇಲೆ. ಸಂಜೆಗೆ ಮುದುಡಿ ಮುಗಿಯುತ್ತದೆ. ನೀವು ಬೆಳಿಗ್ಗೆ ಹತ್ತು ಗಂಟೆಗೆ ಅದೇ ಬಯಲಿನಲ್ಲಿ ನಡೆದು ಹೋದರೆ ಬರೀ ಹುಲ್ಲು ಕಾಣುತ್ತದೆ. ಸಿಕ್ಕಿದ ಹೂವನ್ನು ಹಳೇ ಪೇಪರ್ ನಡುವೆ ಇಟ್ಟು ಒತ್ತಿದರೆ ಎಸಳು ಕರಗಿ ಕಾಗದಕ್ಕೆ ಅಂಟಿಕೊಳ್ಳುತ್ತದೆ, ವರ್ಷ ಕಳೆದ ಮೇಲೆ ಅದನ್ನು ಬಿಡಿಸಿ ನೋಡಿ ಏನೂ ತಿಳಿಯುವುದಿಲ್ಲ. ಹಾಗಾಗಿ ಅಲ್ಲೇ, ಹೂ ತಾಜಾ ಇರುವಾಗಲೇ, ಮಂಡಿಯೂರಿ ಕೂತು ಬಿಡಿಸಿ ಅಳೆದು ಬರೆದುಕೊಳ್ಳಬೇಕು. ಗೆಡ್ಡೆ ಆಳದಲ್ಲಿರುತ್ತದೆ, ಅದನ್ನೂ ಮುರಿಯದೆ ತೆಗೆಯಬೇಕು. ನಾನು ಕಾಲೇಜಿನ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಾಡುವ ಜಾಗದಲ್ಲಿ, ಕೂತು ಕೆಲಸ ಮಾಡಿದವಳು. ಗೆಡ್ಡೆ ಇಲ್ಲದೆ ಬರೀ ಹೂ ಕಿತ್ತು ತಂದ ಹಾಳೆ ಕೈಗೆ ಬಂದಾಗ ಎಷ್ಟು ಸಂಕಟ ಆಗುತ್ತದೆ ಅಂತ ಗೊತ್ತು. ಗೋಲ್ಡ್‌ಬ್ಲಾಟ್ ಮತ್ತು ಅವರ ಜೊತೆ ದಶಕಗಟ್ಟಲೆ ದುಡಿದ, ಕೇಪ್‌ಟೌನ್‌ನ ಕರ್ಸ್ಟನ್‌ಬಾಷ್ ಸಸ್ಯೋದ್ಯಾನದ ಜಾನ್ ಮ್ಯಾನಿಂಗ್ ಇದನ್ನು ಋತುವಿಂದ ಋತುವಿಗೆ, ಬೆಟ್ಟದಿಂದ ಬೆಟ್ಟಕ್ಕೆ ಮಾಡಿದ್ದಾರೆ. ಹೂವಿನ ಮುಂದೆ ಕಾದು ಕೂತು ಯಾವ ನೊಣ ಬಂತು, ಯಾವ ದುಂಬಿ ಬಂತು ಅಂತ ಬರೆದಿಟ್ಟಿದ್ದಾರೆ.

ಇನ್ನು ಅಮರಿಲ್ಲಿಸ್ ವಿಷಯ. ನಿಮ್ಮ ಕುಂಡದ ಗಿಡದ ಹೂ ಬಾಡಿದ ಮೇಲೆ ದಂಟನ್ನು ಅಡ್ಡ ಕತ್ತರಿಸಿ. ಪಪ್ಪಾಯಿ ಎಲೆಯ ದಂಟಿನ ಹಾಗೆ ಒಳಗೆ ಟೊಳ್ಳು ಇದ್ದರೆ ಅದು ಹಿಪಿಯಾಸ್ಟ್ರಮ್, ದಕ್ಷಿಣ ಅಮೆರಿಕದ್ದು. ನಮ್ಮ ನರ್ಸರಿಗಳಲ್ಲಿ ಸಿಗುವುದು ಅದೇ. ನಿಜವಾದ ಅಮರಿಲ್ಲಿಸ್ ಬೆಲ್ಲಡೋನಾ ಕೇಪ್‌ನದು, ದಂಟು ಗಟ್ಟಿ, ಎಲೆ ಇಲ್ಲದ ಹೊತ್ತಿನಲ್ಲಿ ಬರೀ ಹೂ ಎದ್ದು ನಿಲ್ಲುತ್ತದೆ. 1753ರಲ್ಲಿ ಲಿನೀಯಸ್ ಈ ಹೆಸರಿಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ಯಾವ ಗಿಡ ಅನ್ನುವುದೇ ಜಗಳ. 1938ರಲ್ಲಿ ಉಪ್‌ಹಾಫ್ ಅನ್ನುವವರು ಅದು ಅಮೆರಿಕದ ಗಿಡ ಅಂದರು. ಅವರ ಮಾತು ನಿಂತಿದ್ದರೆ ಕೇಪ್ ಗಿಡದ ಹೆಸರು ಹೋಗುತ್ತಿತ್ತು, ಹಿಪಿಯಾಸ್ಟ್ರಮ್‌ಗಳೆಲ್ಲ ಅಮರಿಲ್ಲಿಸ್ ಆಗುತ್ತಿದ್ದವು. ವಾದ ಸುಮಾರು 50 ವರ್ಷ ನಡೆಯಿತು. ಕೇಪ್ ಗಿಡಕ್ಕೇ ಈ ಹೆಸರು ಉಳಿಯಲಿ ಎಂದು 1984ರಲ್ಲಿ ಪ್ರಸ್ತಾವ ಬರೆದವರು ಇದೇ ಗೋಲ್ಡ್‌ಬ್ಲಾಟ್. 1987ರಲ್ಲಿ ಬರ್ಲಿನ್‌ನ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಅದು ಇತ್ಯರ್ಥವಾಯಿತು. ನೋಡಿ, ಹೆಸರು ಬದಲಾಯಿಸುತ್ತಾರೆ ಅಂತ ನಾವು ದೂರುವವರೇ ಹೆಸರು ಬದಲಾಗದಂತೆ ಕಾಯುವ ಕೆಲಸವನ್ನೂ ಮಾಡುತ್ತಾರೆ.

ತಪ್ಪಾದರೆ? ಅದಕ್ಕೂ ಉದಾಹರಣೆ ಇದೆ, ನನಗೆ ಇವರ ಮೇಲೆ ಗೌರವ ಹೆಚ್ಚಿದ್ದೇ ಅದರಿಂದ. 2004ರಲ್ಲಿ ಮ್ಯಾನಿಂಗ್, ಗೋಲ್ಡ್‌ಬ್ಲಾಟ್ ಮತ್ತು ಇನ್ನೊಬ್ಬ ಸಹೋದ್ಯೋಗಿ ಸೇರಿ ಆಲ್ಬುಕಾ, ಡಿಪ್‌ಕಾಡಿ ಮುಂತಾದ ಕುಲಗಳನ್ನೆಲ್ಲ ಆರ್ನಿಥೋಗ್ಯಾಲಮ್ ಎಂಬ ಒಂದೇ ದೊಡ್ಡ ಕುಲಕ್ಕೆ ಸೇರಿಸಿದರು. ಡಿಪ್‌ಕಾಡಿ ನಮ್ಮ ಪಶ್ಚಿಮ ಘಟ್ಟದ ಕಡೆಯೂ ಬೆಳೆಯುತ್ತದೆ, ಹಾಗಾಗಿ ಆ ಬದಲಾವಣೆ ನಮ್ಮ ಗಿಡಕ್ಕೂ ತಟ್ಟಿತ್ತು. 2009ರಲ್ಲಿ ಇನ್ನಷ್ಟು ಡಿಎನ್‌ಎ ಮಾಹಿತಿ ಕೈಗೆ ಬಂದಾಗ ಅವರೇ ಅದನ್ನು ಮತ್ತೆ ಬಿಡಿಸಿ ಆಲ್ಬುಕಾವನ್ನೂ ಡಿಪ್‌ಕಾಡಿಯನ್ನೂ ಬೇರೆ ಕುಲಗಳಾಗಿ ವಾಪಸ್ ಇಟ್ಟರು. ಐದೇ ವರ್ಷದಲ್ಲಿ ತಾವು ಪ್ರಕಟಿಸಿದ್ದನ್ನು ತಾವೇ ಎಲ್ಲರ ಮುಂದೆ ತಿದ್ದಿಕೊಳ್ಳುವುದು ಸುಲಭದ ಮಾತಲ್ಲ.

ಫುಟ್‌ಬಾಲ್ ಲಿಲ್ಲಿಗೆ ಬರುತ್ತೇನೆ, ಮೊದಲು ಕೇಳಿದ್ದು ಅದನ್ನೇ ಅಲ್ವಾ? ಮೊದಲ ಮಳೆಗೆ ನೆಲದಿಂದ ಎದ್ದು ಕೆಂಪು ಚೆಂಡಿನ ಹಾಗೆ ಅರಳುತ್ತದಲ್ಲ, ಅದೂ ಆಫ್ರಿಕಾದ್ದೇ. 1976ರಲ್ಲಿ ಫ್ರೀಸ್ ಮತ್ತು ನೂರ್ಡಾಲ್ ಅನ್ನುವ ಸಸ್ಯವಿಜ್ಞಾನಿಗಳು ಅದನ್ನು ಹೀಮ್ಯಾಂಥಸ್‌ನಿಂದ ಬೇರೆ ಮಾಡಿ ಸ್ಕ್ಯಾಡಾಕ್ಸಸ್ ಅಂದರು. ಅದರ ಎಲೆಗೆ ನಡುನರ ಇದೆ, ಎಲೆಯ ಬುಡಗಳು ಸುತ್ತಿಕೊಂಡು ದಂಟಿನ ಹಾಗೆ ಏಳುತ್ತವೆ. ಹೀಮ್ಯಾಂಥಸ್ ಎಲೆ ಹಾಗಲ್ಲ, ಹೆಚ್ಚಾಗಿ ಎರಡೇ ಇದ್ದು ಎದುರು ಬದುರು ಚಾಚಿಕೊಂಡಿರುತ್ತವೆ. ಕ್ರೋಮೋಸೋಮ್ ಕೂಡ ಹೀಮ್ಯಾಂಥಸ್‌ಗೆ 16, ಸ್ಕ್ಯಾಡಾಕ್ಸಸ್‌ಗೆ 18. ಮುಂದಿನ ಮಳೆಗಾಲದಲ್ಲಿ ನಿಮ್ಮ ಅಂಗಳದ ಗಿಡದ ಎಲೆಯನ್ನು ತಿರುಗಿಸಿ ನೋಡಿ, ನಡುನರ ಬೆರಳಿಗೇ ಸಿಗುತ್ತದೆ.

ಹಾಗಾದರೆ ಲೇಬಲ್ ಮೇಲೆ ಏನು ಬರೆಯಬೇಕು? ಹರ್ಬೇರಿಯಂನಲ್ಲಿ ಮಾಡುವ ಹಾಗೆಯೇ ಮಾಡಿ. ಅಲ್ಲಿ ಹಳೆ ಹೆಸರನ್ನು ಯಾರೂ ಹೊಡೆದುಹಾಕುವುದಿಲ್ಲ, ಚೀಟಿ ಕಿತ್ತೂ ಬಿಸಾಡುವುದಿಲ್ಲ. ಹೊಸದಾಗಿ ನೋಡಿದವರು ಅದೇ ಹಾಳೆಯ ಮೇಲೆ ಇನ್ನೊಂದು ಸಣ್ಣ ಚೀಟಿ ಅಂಟಿಸಿ, ತಮಗೆ ಸರಿ ಕಂಡ ಹೆಸರು, ತಮ್ಮ ಹೆಸರು, ವರ್ಷ ಬರೆಯುತ್ತಾರೆ. ನನ್ನ ಕುಂಡದ ಪಟ್ಟಿಯ ಮೇಲೆ ಹೀಮ್ಯಾಂಥಸ್ ಅಂತ ಪೆನ್ಸಿಲ್‌ನಲ್ಲಿ ಬರೆದದ್ದು ಇನ್ನೂ ಇದೆ. ಅದರ ಕೆಳಗೆ ಸ್ಕ್ಯಾಡಾಕ್ಸಸ್. ಕೆಳಗೆ ಇನ್ನೂ ಜಾಗ ಇದೆ.