ಬೆಂಗಳೂರು–ಮಂಗಳೂರು ವಿಮಾನ: ಹಾರಾಟ ಒಂದು ಗಂಟೆ, ಪ್ರಯಾಣ ಐದೂವರೆ ಗಂಟೆ

ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಿಂದ ಮಂಗಳೂರಿನ ನಿಲ್ದಾಣವಿರುವ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 306 ಕಿ.ಮೀ. ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಎಂದಿರುತ್ತದೆ. ಇಷ್ಟನ್ನೇ ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ.

ಸಂಜೆ 6ರ ವಿಮಾನಕ್ಕೆ ಜಯನಗರದಿಂದ 2.45ಕ್ಕಾದರೂ ಹೊರಡಬೇಕು. ಮೇಖ್ರಿ ಸರ್ಕಲ್‌ನಿಂದ ಹೆಬ್ಬಾಳ ದಾಟುವುದೇ ದೊಡ್ಡ ಕೆಲಸ. ಲಗೇಜ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಟರ್ಮಿನಲ್ 1ಓ 2ಓ ಎಂದು ಮನೆಯಲ್ಲೇ ನೋಡಿಕೊಳ್ಳಿ. ತಪ್ಪು ಕಡೆ ಇಳಿದರೆ ಇನ್ನೊಂದಕ್ಕೆ ಹೋಗಲು ಶಟಲ್ ಬಸ್ ಕಾಯಬೇಕು. ಮಂಗಳೂರಿನಲ್ಲಿ ಇಳಿದು, ಬ್ಯಾಗ್ ತೆಗೆದುಕೊಂಡು, ಗುಡ್ಡ ಇಳಿದು ಪೇಟೆ ಮಧ್ಯದ ಹಂಪನಕಟ್ಟೆ ಮುಟ್ಟುವಾಗ ರಾತ್ರಿ 8.15.

ಎಟಿಆರ್ ಎಂಬ ಪಂಖದ ಚಿಕ್ಕ ವಿಮಾನವಾದರೆ ಹತ್ತು ಹದಿನೈದು ನಿಮಿಷ ಹೆಚ್ಚು. ತಲೆಯ ಮೇಲಿನ ಗೂಡು ಚಿಕ್ಕದು, ಟ್ರಾಲಿ ಬ್ಯಾಗನ್ನು ಮೆಟ್ಟಿಲ ಬಳಿಯೇ ತೆಗೆದುಕೊಂಡು ಲಗೇಜ್ ಕೋಣೆಗೆ ಹಾಕುತ್ತಾರೆ. ಲ್ಯಾಪ್‌ಟಾಪ್, ಔಷಧಿ, ಒಡವೆ ಬೇರೆ ಕೈಚೀಲದಲ್ಲಿರಲಿ. ರೆಕ್ಕೆ ಮೇಲ್ಗಡೆ ಇರುವುದರಿಂದ ಕಿಟಕಿಯಿಂದ ಘಟ್ಟ ಪೂರ್ತಿ ಕಾಣುತ್ತದೆ, ಅದೊಂದು ಲಾಭ.

ಜೂನ್‌ನಿಂದ ಸೆಪ್ಟೆಂಬರ್ ತನಕ ಅದೇ ದಿನದ ಮುಹೂರ್ತ, ಪರೀಕ್ಷೆ, ಸಂದರ್ಶನ ನಂಬಿಕೊಂಡು ವಿಮಾನ ಹಿಡಿಯಬೇಡಿ. ಮಂಗಳೂರಿನದು ಗುಡ್ಡದ ನೆತ್ತಿಯ ರನ್‌ವೇ. ಮೋಡ ಕೆಳಗಿಳಿದರೆ ಸುತ್ತು ಹೊಡೆದು ಬೆಂಗಳೂರಿಗೇ ವಾಪಸ್, ಇಲ್ಲವೇ ಕೇರಳದ ಕಡೆಗೆ. 2010ರ ಮೇ 22ರ ದುರಂತದಲ್ಲಿ 158 ಜನ ಸತ್ತ ಜಾಗವಿದು. ಪೈಲಟ್ ಇಳಿಸುವುದಿಲ್ಲ ಎಂದರೆ ಜಗಳವಾಡಬೇಡಿ.

ರಾತ್ರಿ ಬಸ್ಸಿಗೆ ಸುಮಾರು 350 ಕಿ.ಮೀ., ಏಳೆಂಟು ಗಂಟೆ. ಖಾಸಗಿ ಸ್ಲೀಪರ್‌ನಲ್ಲಿ ಹಿಂದಿನ ಚಕ್ರದ ಮೇಲಿನ ಬರ್ತ್ ಯಾವ ಬೆಲೆಗೂ ಬೇಡ. ಸಕಲೇಶಪುರ ದಾಟಿದ ಮೇಲೆ ಶಿರಾಡಿಯ ಪ್ರತಿ ತಿರುವಿಗೂ ಮೈ ಗೋಡೆಗೆ ಬಡಿಯುತ್ತದೆ, ಎಸಿ ನೀರು ಹಾಸಿಗೆ ಮೇಲೆ ಸೋರುತ್ತದೆ. ಆನಂದರಾವ್ ಸರ್ಕಲ್ 10 ಗಂಟೆ ಎಂದು ಬರೆದ ಬಸ್ಸು ಯಶವಂತಪುರ, ಗೊರಗುಂಟೆಪಾಳ್ಯ ಎಂದು ಜನ ತುಂಬಿಕೊಂಡು ನೆಲಮಂಗಲ ಬಿಡುವಾಗ ಹನ್ನೆರಡಾದರೂ ಆಶ್ಚರ್ಯವಿಲ್ಲ. ಸರ್ಕಾರಿ ಬಸ್ಸಿನ ಮಧ್ಯದ ಸೀಟೇ ವಾಸಿ.

ಧರ್ಮಸ್ಥಳ, ಸುಬ್ರಹ್ಮಣ್ಯ, ಪುತ್ತೂರಿಗೆ ಹೋಗುವವರಿಗಂತೂ ವಿಮಾನ ದಂಡ. ಮಂಗಳೂರಿಗೆ ಹಾರಿ ಬೆಂಗಳೂರಿನ ದಿಕ್ಕಿಗೇ ಹಿಂದೆ ಬರಬೇಕಾಗುತ್ತದೆ. ಉಡುಪಿಯವರು ಪೇಟೆಗೆ ಇಳಿಯದೆ ಕಾವೂರು, ಕೂಳೂರು ಮೂಲಕ ಹೆದ್ದಾರಿ 66 ಸೇರಿ.

ವಿಮಾನ ನಿಲ್ದಾಣದೊಳಗೆ ದುಡ್ಡು ಸುರಿದು ತಿನ್ನಬೇಡಿ. ಹಂಪನಕಟ್ಟೆಯ ಹಳೇ ಸಸ್ಯಾಹಾರಿ ಹೋಟೆಲುಗಳಲ್ಲಿ ಬೆಳಗ್ಗೆ ಬನ್ಸ್, ಸಂಜೆ ಗೋಳಿಬಜೆ ಬಿಸಿಯಾಗಿ ಸಿಗುತ್ತದೆ. ಬನ್ಸ್‌ನಲ್ಲಿ ಬಾಳೆಹಣ್ಣಿನ ಸಿಹಿ, ಜೀರಿಗೆಯ ಘಮ, ಜೊತೆಗೆ ಕಾಯಿ ಚಟ್ನಿ. ಎರಡು ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಜನ ತುಂಬಿರುತ್ತಾರೆ, ಮೇಜು ಹಂಚಿಕೊಳ್ಳಬೇಕು. ಹಂಚಿಕೊಂಡೇ ತಿನ್ನಿ.